ಯೂಸ್ ಕೇಸೋ, ಯೂಸರ್ ಸ್ಟೋರಿಯೋ: ಅಡತಿ ಅಂಗಡಿಯ ಸಾಫ್ಟ್‌ವೇರ್‌ಗೆ ಯಾವುದು?

ರಾಯಚೂರು ಎಪಿಎಂಸಿಯ ಅಡತಿ ಅಂಗಡಿಯೊಂದಕ್ಕೆ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಗೆ, ಸಾಫ್ಟ್‌ವೇರ್ ಮಾಡಿಕೊಡಬೇಕು ಅಂದುಕೊಳ್ಳಿ. ಸಾಹುಕಾರರಿಗೆ ಏನೇನು ಬೇಕು ಅಂತ ಬರೆದುಕೊಳ್ಳಲು ಮುಖ್ಯವಾಗಿ ಎರಡು ದಾರಿಗಳಿವೆ: ಯೂಸರ್ ಸ್ಟೋರಿ ಮತ್ತು ಯೂಸ್ ಕೇಸ್.

ಯೂಸರ್ ಸ್ಟೋರಿ ಚಿಕ್ಕದು. "ಗುಮಾಸ್ತನಾದ ನನಗೆ ತೂಕ ಮುಗಿದ ಕೂಡಲೇ ಲೆಕ್ಕದ ಪಟ್ಟಿ ಪ್ರಿಂಟ್ ಆಗಬೇಕು, ರೈತರು ಕಾಯಬಾರದು." ಇಷ್ಟೇ. ಉಳಿದದ್ದು ಮಾತುಕತೆಗೆ ಬಿಟ್ಟದ್ದು. 1990ರ ದಶಕದಲ್ಲಿ ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಸಾಫ್ಟ್‌ವೇರ್ ತಯಾರಿಕೆಯ ವಿಧಾನದ ಜೊತೆ ಬಂದ ಪದ್ಧತಿ ಇದು.

ಯೂಸ್ ಕೇಸ್ ಅದಕ್ಕಿಂತ ಹಳೆಯದು, 1980ರ ದಶಕದಲ್ಲಿ ಸ್ವೀಡನ್ನಿನ ಸಾಫ್ಟ್‌ವೇರ್ ತಜ್ಞ ಐವರ್ ಜೇಕಬ್ಸನ್ ರೂಪಿಸಿದ್ದು. ಇಲ್ಲಿ ಬಳಸುವವರನ್ನು ಆಕ್ಟರ್ ಅಂತಾರೆ. ಅವರ ಗುರಿ ಏನು, ಹೆಜ್ಜೆ ಹೆಜ್ಜೆಗೆ ಏನಾಗುತ್ತದೆ, ಎಲ್ಲಿ ದಾರಿ ತಪ್ಪಬಹುದು, ಎಲ್ಲವನ್ನೂ ಬರೆಯಬೇಕು. "ಹತ್ತಿ ಲಾಟ್ ಮಾರಾಟ" ಅಂತ ಒಂದು ಯೂಸ್ ಕೇಸ್ ತಗೊಳ್ಳಿ. ಲಾಟ್ ನಮೂದು, ಟೆಂಡರ್, ತೂಕ, ಪಟ್ಟಿ, ಹಣ. ಇದು ನೇರ ದಾರಿ. ಆದರೆ ರೈತರಿಗೆ ರೇಟು ಒಪ್ಪಿಗೆಯಾಗದಿದ್ದರೆ? ಹತ್ತಿ ಹಸಿ ಇದೆ ಅಂತ ಖರೀದಿದಾರರು ತಕರಾರು ತೆಗೆದರೆ? ಮೊದಲೇ ಕೊಟ್ಟ ಮುಂಗಡವನ್ನು ಯಾವ ಹಂತದಲ್ಲಿ ಮುರಿದುಕೊಳ್ಳಬೇಕು? ಇಂಥ ಪ್ರಶ್ನೆಗಳನ್ನು ಯೂಸ್ ಕೇಸ್ ಬಾಯಿಬಿಡಿಸಿಯೇ ಬಿಡುತ್ತದೆ. ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ. ಯೂಸ್ ಕೇಸ್‌ಗೆ ಚಿತ್ರವೂ ಬರೆಯುತ್ತಾರೆ, ಆಕ್ಟರ್‌ಗೆ ಗೊಂಬೆ, ಯೂಸ್ ಕೇಸ್‌ಗೆ ಅಂಡಾಕಾರ. ಆದರೆ ಸುಮ್ನೆ ಆ ಚಿತ್ರ ಬರೆದು ಮುಗಿಸಿದರೆ ಪ್ರಯೋಜನವಿಲ್ಲ. ಜೀವ ಇರೋದು ಬರಹದಲ್ಲಿ.

ಸಾಹುಕಾರರು ದಿನಾ ಕೈಗೆ ಸಿಗ್ತಾರೆ, ಕೆಲಸ ಚಿಕ್ಕದು ಅಂದ್ರೆ ಸ್ಟೋರಿ ಸಾಕು. ಹಣ ನಾಲ್ಕಾರು ಕೈ ದಾಟುತ್ತದೆ ಅಂದ್ರೆ ಯೂಸ್ ಕೇಸೇ ಬರೆಯಿರಿ. ಬರೆದದ್ದನ್ನು ಗುಮಾಸ್ತರಿಗೆ ಓದಿ ಹೇಳಿ. ಬಿಟ್ಟುಹೋದ ಹೆಜ್ಜೆಯನ್ನು ಅವರೇ ಹಿಡಿಯುತ್ತಾರೆ.