ಮಗ್ ಮೇಲೆ ‘ಅವ್ವ’ ಬರೆಸಲು ಹೋಗಿ

ಐದಕ್ಕೆ ಮೂರು ಸ್ಟಾರ್. ಮಗ್‌ಗೆ ನಾಲ್ಕು, ಕನ್ನಡಕ್ಕೆ ಎರಡು, ಸರಾಸರಿ ಮೂರು.

ಅಂಗಡಿಯ ಹೆಸರು ಹೇಳುವುದಿಲ್ಲ. ಮಾಲೀಕರು ಒಳ್ಳೆಯ ಮನುಷ್ಯ, ಕೊನೆಗೆ ಎಲ್ಲ ಸರಿ ಮಾಡಿಕೊಟ್ಟರು. ಬೆಂಗಳೂರಿನಲ್ಲಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿದೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು, ಅಷ್ಟು ಪುಟ್ಟದು. ಮಗ್, ಟೀ ಶರ್ಟ್, ಕೀ ಚೈನ್ ಮೇಲೆ ಫೋಟೊ ಹಾಕಿಕೊಡುತ್ತಾರೆ. ಒಂದು ಮಗ್‌ಗೆ 280 ರೂಪಾಯಿ, ಐದಕ್ಕಿಂತ ಜಾಸ್ತಿ ತಗೊಂಡರೆ ತಲಾ 240.

ಮೇ ತಿಂಗಳ ಎರಡನೇ ಭಾನುವಾರ ಅಮ್ಮಂದಿರ ದಿನ ಅಲ್ವಾ, ಅದಕ್ಕೆ ನಾವು ಏಳು ಜನ ಸೇರಿ ಏಳು ಮಗ್ ಹೇಳಿದೆವು. ಮೇಲೆ ತಾಯಿಯ ಫೋಟೊ, ಕೆಳಗೆ ಅವರವರು ಮನೆಯಲ್ಲಿ ಕರೆಯುವ ಹೆಸರು. ಪಟ್ಟಿ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದ್ದು ನಾನೇ. ನಾನು ನವಲಗುಂದ ಕಡೆಯವಳು, ನಂದು ‘ಅವ್ವ’. ಮಡಿಕೇರಿಯ ಕೊಡವ ಗೆಳತಿಯದೂ ‘ಅವ್ವ’. ಕಾರ್ಕಳದ ತುಳು ಹುಡುಗನದು ‘ಅಪ್ಪೆ’. ಶಿರಸಿಯವಳದು ‘ಆಯಿ’. ಪುತ್ತೂರಿನ ಹವ್ಯಕ ಹುಡುಗನದು ‘ಅಬ್ಬೆ’. ವಿಜಯಪುರದ ತಾಂಡಾದಿಂದ ಬಂದ ಲಂಬಾಣಿ ಹುಡುಗನದು ‘ಯಾಡಿ’. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳದು ಸುಮ್ನೆ ‘ಅಮ್ಮ’.

ಏನೂ ವಿಚಾರಿಸದೆಯೇ ಮೊದಲ ಸಲ ಸರಿಯಾಗಿ ಬಂದದ್ದು ಯಾವುದು ಅಂತ ಊಹಿಸಿ. ಹೌದು, ‘ಅಮ್ಮ’. ಅದರ ಡಿಸೈನ್ ಅವರ ಬಳಿ ರೆಡಿ ಇತ್ತು, ಹೂವಿನ ಬಳ್ಳಿ ಸಮೇತ.

ಉಳಿದವುಗಳ ಕಥೆ ಕೇಳಿ. ಏಳು ಮಗ್ ಬರಬೇಕಿತ್ತು, ಆರೇ ಬಂದವು. ಕೇಳಿದರೆ, “ಅವ್ವ ಎರಡು ಸಲ ಬಂದಿತ್ತಲ್ಲ ಮೇಡಂ, ತಪ್ಪಿ ಬರೆದಿದ್ದೀರ ಅಂತ ಒಂದು ತೆಗೆದೆ” ಅಂದ ಅಲ್ಲಿನ ಹುಡುಗ. ಧಾರವಾಡ ಜಿಲ್ಲೆಯವಳಿಗೂ ಕೊಡಗಿನವಳಿಗೂ ತಾಯಿ ಅವ್ವನೇ ಆಗಿರಬಹುದು ಅಂತ ಅವನಿಗೆ ಹೊಳೆದಿಲ್ಲ. ಎರಡು ಫೋಟೊ ಇತ್ತಲ್ಲಪ್ಪಾ ಅಂದರೆ ನಕ್ಕ.

ಕಾರ್ಕಳದವನ ಮಗ್ ಮೇಲೆ ಸೀರೆ ಉಟ್ಟು, ಮಲ್ಲಿಗೆ ಮುಡಿದ ತಾಯಿಯ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ ‘ಅಪ್ಪ’. ಸ್ಪೆಲ್ಲಿಂಗ್ ತಪ್ಪು ಅಂತ ತಿದ್ದಿದ್ದಾರೆ! ಅವನು ತಲೆ ಚಚ್ಚಿಕೊಂಡ. “ನಮ್ಮಲ್ಲಿ ಅಪ್ಪೆ ಅಂದ್ರೆ ತಾಯಿ, ಅಮ್ಮೆ ಅಂದ್ರೆ ತಂದೆ ಮಾರಾಯ್ರೆ” ಅಂದಾಗ ಕೌಂಟರ್ ಹಿಂದಿದ್ದ ಹುಡುಗ ನಮ್ಮ ಮುಖವನ್ನೇ ನೋಡುತ್ತ ನಿಂತ. ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡಿರಬೇಕು.

ನನ್ನ ಮಗ್‌ನಲ್ಲಿ ಎರಡು ತೊಂದರೆ. ಒಂದು, ‘ಅವ್‌ವ’ ಅಂತ ಬಿಡಿಬಿಡಿಯಾಗಿ ಬಂದಿತ್ತು. ಅವರು ಡಿಸೈನ್ ಮಾಡುವ ಹಳೆಯ ಕೋರಲ್ ಡ್ರಾ ಸಾಫ್ಟ್‌ವೇರ್‌ಗೆ ಫೋನಿನಿಂದ ಕಾಪಿ ಮಾಡಿದ ಯೂನಿಕೋಡ್ ಅಕ್ಷರ ಹಾಕಿದರೆ ಒತ್ತು ಕೆಳಗೆ ಇಳಿಯುವುದೇ ಇಲ್ಲ. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಮತ್ತೆ ಟೈಪ್ ಮಾಡಬೇಕಂತೆ. ಹಾಗೆ ಮಾಡಿದ ಮೇಲೆ ಸರಿಯಾಯಿತು. ಎರಡು, ನಮ್ಮವ್ವನ ಪಕ್ಕದಲ್ಲಿ ಕನ್ನಡಕ, ಬಿಳಿ ತುರುಬು, ಕೈಯಲ್ಲಿ ಕೋಲು ಇರುವ ಅಜ್ಜಿಯ ಕಾರ್ಟೂನ್! ನಾನು ಕೇಳಿರಲಿಲ್ಲ. ಮಾಲೀಕರು ಆಂಧ್ರದ ಅನಂತಪುರದ ಕಡೆಯವರು. “ನಮ್ ಕಡೆ ಅವ್ವ ಅಂದ್ರೆ ಅಜ್ಜಿ ಅಲ್ವಾಮ್ಮಾ, ಚೆನ್ನಾಗಿರುತ್ತೆ ಅಂತ ಫ್ರೀ ಆಗಿ ಹಾಕ್ದೆ” ಅಂದರು. ಬೈಯಲು ಹೋದವಳು ಅಲ್ಲೇ ತಣ್ಣಗಾದೆ. ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವಳು. ನಮ್ಮ ಮನೆಯಲ್ಲಿ ‘ಆಯಿ’ ಅಂದರೆ ಅಪ್ಪನ ತಾಯಿ. ಶಿರಸಿಯ ಗೆಳತಿ “ಆಯಿ ಸ್ಕೂಟಿ ಕಲಿತಾ ಇದ್ದಾಳೆ” ಅಂದಾಗೆಲ್ಲ, ಎಂಥ ಗಟ್ಟಿ ಮುದುಕಿ ಅಂತ ಆರು ತಿಂಗಳು ಬೆರಗಾಗಿದ್ದೆ.

‘ಯಾಡಿ’ಗೆ “ಗಾಡಿನಾ ಸಾರ್?” ಅಂತ ಫೋನ್ ಮಾಡಿ ಕೇಳಿದರಂತೆ. ಕೇಳಿದರಲ್ಲ, ಅದಕ್ಕೇ ಅದು ಸರಿಯಾಗಿ ಬಂತು. ‘ಅಬ್ಬೆ’ಯ ಒತ್ತು ಮಾತ್ರ ನನ್ನದರ ಹಾಗೇ ಮುರಿದಿತ್ತು. ಪುತ್ತೂರಿನವನಿಗೆ ಸಿಟ್ಟು ಬಂತು. ಅತ್ತಿಮಬ್ಬೆಯ ಹೆಸರಿನಲ್ಲಿರುವ ಅಬ್ಬೆಯೇ ಇದು, ಹತ್ತನೇ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣಕ್ಕೆ 1000 ಓಲೆಗರಿಯ ಪ್ರತಿ ಮಾಡಿಸಿ ಹಂಚಿದಳು, ನಿಮಗೆ ಏಳು ಮಗ್ ಬರೆಯಲು ಆಗಲ್ವಾ ಅಂತ ಭಾಷಣ ಶುರು ಮಾಡಿದ. ನನಗೂ ಒಳಗೊಳಗೇ ಖುಷಿ. ಆಕೆ ಬಸದಿ ಕಟ್ಟಿಸಿದ ಲಕ್ಕುಂಡಿ ನಮ್ಮ ಕಡೆಯದ್ದೇ ಅಲ್ವಾ. ಮಾಲೀಕರು ಎಲ್ಲವನ್ನೂ ಕೇಳಿ, “ಆಯ್ತು ಸಾರ್, ನಾಳೆ ಸಂಜೆ ಬನ್ನಿ” ಅಂದರು.

ನಾಳೆ ಸಂಜೆಗೆ ನಿಜವಾಗಿಯೂ ಕೊಟ್ಟರು. ತಪ್ಪಾದ ನಾಲ್ಕು ಮಗ್‌ಗೂ, ಬಿಟ್ಟುಹೋಗಿದ್ದ ಮಡಿಕೇರಿಯ ಮಗ್‌ಗೂ ಜಾಸ್ತಿ ದುಡ್ಡು ಕೇಳಲಿಲ್ಲ. ಒಟ್ಟು 1680 ಅಷ್ಟೇ. ಹಾಗೆ ನೋಡಿದರೆ ‘ಆಯಿ’ಯಲ್ಲಿ ಅಕ್ಷರ ಸರಿ ಇತ್ತು, ಬಣ್ಣ ಮಸುಕಾಗಿತ್ತು. ಅದನ್ನೂ ಹೇಳದೆಯೇ ಬದಲಾಯಿಸಿದರು. ಕೆಲಸ ಮುಂದೆ ನಿಂತು ನೋಡಿದೆ. ಕಾಗದದ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಪ್ರಿಂಟ್ ತೆಗೆದು, ಮಗ್‌ಗೆ ಸುತ್ತಿ, ಸುಮಾರು 180 ಡಿಗ್ರಿ ಬಿಸಿಯಲ್ಲಿ ಮೂರು ನಿಮಿಷ ಒತ್ತುತ್ತಾರೆ. ಬಣ್ಣ ಮೇಲಿನ ಲೇಪಕ್ಕೆ ಇಳಿದುಬಿಡುತ್ತದೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ. ನಾಲ್ಕು ತಿಂಗಳಾಯಿತು, ಎಷ್ಟು ತೊಳೆದರೂ ಅಕ್ಷರ ಹಾಗೇ ಇದೆ. ಹಿಡಿ ಮಾತ್ರ ಸಣ್ಣದು, ನನ್ನ ಎರಡೇ ಬೆರಳು ಹೋಗುತ್ತವೆ.

ನೀವು ಹೋಗುವುದಾದರೆ ಒಂದು ಕೆಲಸ ಮಾಡಿ. ಹೆಸರನ್ನು ಮೆಸೇಜ್ ಹಾಕಬೇಡಿ, ಫೋನಿನಲ್ಲಿ ದೊಡ್ಡದಾಗಿ ಬರೆದು ಚಿತ್ರ ಮಾಡಿ ಕಳಿಸಿ. ‘ತಿದ್ದಬೇಡಿ’ ಅಂತ ಕೆಳಗೆ ಬರೆಯಿರಿ. ಪ್ರಿಂಟ್ ಒತ್ತುವ ಮುಂಚೆ ಕಂಪ್ಯೂಟರಿನಲ್ಲಿ ಒಮ್ಮೆ ತೋರಿಸಲು ಹೇಳಿ. ಅಂಗಡಿಯವರು ತಾವಾಗಿ ತೋರಿಸುವುದಿಲ್ಲ, ಒಂದು ಸ್ಟಾರ್ ಕಡಿಮೆಯಾಗಿದ್ದು ಅದಕ್ಕೇ.

ಊರಿಗೆ ಹೋದಾಗ ಕೊಟ್ಟೆ. ಅವ್ವ ತಿರುಗಿಸಿ ತಿರುಗಿಸಿ ನೋಡಿದಳು. “ಇಷ್ಟ ದೊಡ್ಡ ಕಪ್ಪಿನ್ಯಾಗ ಚಾ ಕುಡದ್ರ ರಾತ್ರಿ ನಿದ್ದಿ ಬರ್ತೈತೇನ?” ಈಗ ಅದು ರವೆ ಅಳೆಯುವ ಅಳತೆ, ಒಂದು ಮಗ್ ರವೆಗೆ ಎರಡೂವರೆ ಮಗ್ ನೀರು. ಆದರೆ ಅವತ್ತು ಅಕ್ಷರ ಓದಿದ ಮೇಲೆ ಅವಳಿಗೊಂದು ಅನುಮಾನ ಬಂತು. ಹುಟ್ಟಿದಾಗಿನಿಂದ ಅವಳು ನನ್ನನ್ನು ಕರೆಯುವುದೂ ‘ಯವ್ವಾ’ ಅಂತಲೇ ನೋಡಿ.

“ಅವ್ವ ಅಂತ ಬರದಾರಲ್ಲ, ಇದು ನಂದೋ, ನಿಂದೋ?”