ಆಟದ ರಾತ್ರಿಗೆ ಯಾವ ಲೆನ್ಸ್? 50, 85, 70-200 ಹಿಡಿದು ಕಳೆದ ಎರಡು ತಿರುಗಾಟ

ಯಕ್ಷಗಾನದ ಫೋಟೊಗೆ ಯಾವ ಲೆನ್ಸ್ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: 85 ಎಂಎಂ, ಎಫ್ 1.8 (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಇಳಿದಷ್ಟೂ ಬೆಳಕು ಹೆಚ್ಚು ಒಳಗೆ ಬರುತ್ತದೆ). ಈ ಉತ್ತರ ಸುಲಭಕ್ಕೆ ಸಿಕ್ಕಿದ್ದಲ್ಲ. ಅದಕ್ಕಿಂತ ಮುಂಚೆ 70-200 ಎಫ್ 2.8 ಝೂಮ್ ಒಂದನ್ನು 62,000 ರೂಪಾಯಿಗೆ ಕೊಂಡು, ಮೇಳದ ತಿರುಗಾಟ, ಅಂದರೆ ತಂಡ ಊರೂರು ಸುತ್ತಿ ಆಡುವ ಕಾಲ, ಮುಗಿಯುವುದರೊಳಗೆ 53,000ಕ್ಕೆ ಮಾರಿದ್ದೇನೆ. ನಿಮ್ಮ ಕೈಯಲ್ಲಾದರೂ ಆ ಒಂಬತ್ತು ಸಾವಿರ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನದು ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾ. ಮೂರೂ ಲೆನ್ಸು ಸೆಕೆಂಡ್ ಹ್ಯಾಂಡ್. ಕಂಪನಿಯ ಹೆಸರು ಬೇಕಿಲ್ಲ. ಇಲ್ಲಿ ಹೇಳುವ ಮಾತು ಹೆಚ್ಚುಕಡಿಮೆ ಯಾರ ಲೆನ್ಸಿಗಾದರೂ ಹೊಂದುತ್ತದೆ.

ಝೂಮ್ ಕೊಂಡಿದ್ದು ಮದುವೆ ಫೋಟೊ ತೆಗೆಯುವ ಗೆಳೆಯರ ಕೈಯಲ್ಲಿ ನೋಡಿ. ಕೂತಲ್ಲಿಂದಲೇ ಇಡೀ ವೇಷವೂ ಸಿಗುತ್ತದೆ, ಬರೀ ಕಣ್ಣೂ ಸಿಗುತ್ತದೆ ಎಂಬ ಆಸೆ. ಸಿಗುತ್ತದೆ, ಸುಳ್ಳಲ್ಲ. ಆದರೆ ಕೂರುವುದು ಎಲ್ಲಿ?

ಕುಂದಾಪುರದ ಕಡೆ ಕೊಯ್ಲಾದ ಗದ್ದೆಯಲ್ಲಿ ಒಂದು ಹರಕೆಯಾಟ. ನಾನು ಮೂರನೇ ಸಾಲಿನಲ್ಲಿದ್ದೆ. ಮುಂದಿನ ಹುಡ್ (ಅಡ್ಡ ಬೆಳಕು ತಡೆಯುವ ಕೊಳವೆ) ಸೇರಿಸಿದರೆ ಈ ಲೆನ್ಸ್ ಒಂದಡಿಯ ಹತ್ತಿರ ಬರುತ್ತದೆ, ತೂಕ ಒಂದೂವರೆ ಕಿಲೋ. ಎತ್ತಿ ಹಿಡಿದರೆ ಎರಡೂ ಮೊಣಕೈ ಹೊರಕ್ಕೆ ಚಾಚಲೇಬೇಕು. ವೇಷಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಹಿಂದಿನಿಂದ ಅಜ್ಜಿಯೊಬ್ಬರ ದನಿ: ‘ಹ್ವಾಯ್, ನಾವೂ ಆಟ ಕಾಂಬುಕೇ ಬಂದದ್ದ್ ಮಾರಾಯ್ರೆ.’ ಗದರಿದ್ದಲ್ಲ, ಕೇಳಿಕೊಂಡದ್ದು. ಅದೇ ಹೆಚ್ಚು ತಾಗಿತು. ವರ್ಷಗಟ್ಟಲೆ ಕಾದು ಆಡಿಸುವ ಹರಕೆ. ಆ ಮನೆಯವರ ಕಣ್ಣಿಗೆ ಅಡ್ಡ ಕೂತು ನಾನು ತೆಗೆಯುವ ಫೋಟೊ ಯಾರಿಗೆ ಬೇಕು?

ಎದ್ದು ರಂಗಸ್ಥಳದ ಪಕ್ಕಕ್ಕೆ ಹೋದೆ. ಅಲ್ಲಿಂದ ವೇಷದ ಒಂದೇ ಕೆನ್ನೆ ಕಾಣುತ್ತದೆ. ಎಲ್ಲರ ಹಿಂದೆ ಹೋಗಿ ನಿಂತೆ. 200 ಎಂಎಂ ಅಲ್ಲಿಂದಲೂ ಮುಖ ಮುಟ್ಟುತ್ತದೆ, ಆದರೆ ಬಡಗಿನ (ಉತ್ತರದ ಶೈಲಿಯ) ವೇಷಧಾರಿ ಮಂಡಿಯೂರಿ ತಿರುಗಲು ಇಳಿದ ಕೂಡಲೇ ಮುಂದಿನ ಸಾಲಿನ ತಲೆಗಳ ಹಿಂದೆ ಮಾಯ. ಚೆಂಡೆ ಏರುತ್ತಿರುತ್ತದೆ, ನನ್ನ ಫ್ರೇಮಿನಲ್ಲಿ ಮುಂಡಾಸಿನ ತುದಿ ಮಾತ್ರ. ಮೊನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ತಂದರೆ ಕತ್ತಲಲ್ಲಿ ಓಡಾಡುವ ಮಕ್ಕಳ ಕಾಲಿಗೆ ಸಿಕ್ಕುತ್ತದೆ. ಬರೀ ಕೈಯಲ್ಲಿ ಹಿಡಿದರೆ ರಾತ್ರಿ ಎರಡರ ಹೊತ್ತಿಗೆ ತೋಳು ನಡುಗುತ್ತದೆ. ಲೆನ್ಸಿನೊಳಗೆ ಸ್ಟೆಬಿಲೈಸೇಶನ್ ಇದೆ. ಅದು ನನ್ನ ಕೈಯ ನಡುಕ ತಡೆದೀತು, ಕುಣಿಯುವವರನ್ನು ನಿಲ್ಲಿಸುವುದಿಲ್ಲ.

85 ಇದೆಲ್ಲದಕ್ಕೂ ಉತ್ತರ. 350 ಗ್ರಾಂ ತೂಕ. ಮುಂದಿನ ಚಾಪೆಯ ಅಂಚಿನಲ್ಲಿ ಮಕ್ಕಳ ಜೊತೆ ಚಕ್ಕಳಮಕ್ಕಳ ಹಾಕಿ ಕೂತರೆ ಹಿಂದಿನವರಿಗೆ ನಾನು ಅಡ್ಡವೇ ಅಲ್ಲ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರೆ ಆರು ಮೀಟರ್ ದೂರದಲ್ಲಿ ಎರಡೂವರೆ ಮೀಟರ್ ಎತ್ತರ ಫ್ರೇಮಿಗೆ ಬರುತ್ತದೆ, ಅಂದರೆ ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಪೂರ್ತಿ ವೇಷ. ಅದೇ ವೇಷ ನಾಲ್ಕು ಮೀಟರಿಗೆ ಮುಂದೆ ಬಂದಾಗ ಮೊಣಕಾಲಿನಿಂದ ಮೇಲಿನ ಭಾಗ ತುಂಬಿಕೊಳ್ಳುತ್ತದೆ. ನಾನು ತಿರುಗಿಸಬೇಕಾದ ಝೂಮನ್ನು ಕಲಾವಿದರ ಹೆಜ್ಜೆಯೇ ತಿರುಗಿಸುತ್ತದೆ. ಪದ್ಯದ ನಡೆ ಗೊತ್ತಿದ್ದರೆ ಅವರು ಯಾವಾಗ ಮುಂದೆ ಬರುತ್ತಾರೆಂದೂ ಗೊತ್ತಾಗುತ್ತದೆ.

ಬೆಳಕಿನ ಲೆಕ್ಕ ಇನ್ನೂ ದೊಡ್ಡದು. ಮಂಡಿ ತಿರುಗುವಾಗ ಶಟರ್ ಸೆಕೆಂಡಿನ 1/500 ಬೇಕು. ನಮ್ಮ ಕಡೆಯ ರಂಗಸ್ಥಳದ ದೀಪದಲ್ಲಿ ಎಫ್ 2.8ಕ್ಕೆ ಐಎಸ್‌ಒ 6400 (ಸೆನ್ಸರಿನ ಸಂವೇದನೆ; ಏರಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಆದದ್ದು ಎಫ್ 1.8ಕ್ಕೆ 2500ರ ಹತ್ತಿರ ಇಳಿಯುತ್ತದೆ. ಈ ವ್ಯತ್ಯಾಸ ಕಾಣುವುದು ಮುಖದಲ್ಲಲ್ಲ, ಬಟ್ಟೆಯಲ್ಲಿ. ಬಡಗಿನ ಕಸೆಸೀರೆಯ ಚೌಕುಳಿ 6400ರಲ್ಲಿ ಕಲಸಿದ ಕುಂಕುಮದಂತೆ ಒಂದೇ ಮುದ್ದೆಯಾಗುತ್ತದೆ, 2500ರಲ್ಲಿ ಗೆರೆಗೆರೆ ಎಣಿಸಬಹುದು. ಕಪ್ಪು ಮುಂಡಾಸಿನ ಮಡಿಕೆಯೂ ಹಾಗೇ.

ಆದರೆ ಎಲ್‌ಇಡಿ ದೀಪದಿಂದ ಚಿತ್ರದ ಮೇಲೆ ಬೀಳುವ ಪಟ್ಟೆಗಳಿಗೆ ಯಾವ ಲೆನ್ಸೂ ಮದ್ದಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಇಟ್ಟರೆ ಪಟ್ಟೆ ಹೋಗುತ್ತದೆ, ಕುಣಿತ ಮಸುಕಾಗುತ್ತದೆ. ಮಾತುಗಾರಿಕೆಯ ಹೊತ್ತಿಗೆ ನಾನು 1/100ರಲ್ಲೇ ಇರುತ್ತೇನೆ.

85 ಸೋಲುವುದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ. 80 ಸೆಂಟಿಮೀಟರಿಗಿಂತ ಹತ್ತಿರ ಅದು ಫೋಕಸ್ ಹಿಡಿಯುವುದಿಲ್ಲ. ಬೆನ್ನಿಗೆ ವೇಷದ ಪೆಟ್ಟಿಗೆ, ಎದುರಿಗೆ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಕಲಾವಿದರು, ನಡುವೆ ಗೆಜ್ಜೆ ಕಟ್ಟಿಕೊಳ್ಳುವವರು. ಅಷ್ಟು ದೂರ ಸರಿಯಲು ಜಾಗವೇ ಇರುವುದಿಲ್ಲ. ಜಾಗ ಸಿಕ್ಕಿದರೂ ಅಷ್ಟು ಹತ್ತಿರ ಎಫ್ 1.8ರಲ್ಲಿ ಸ್ಪಷ್ಟವಾಗಿ ಬರುವುದು ಒಂದು ಸೆಂಟಿಮೀಟರ್ ಆಳ ಮಾತ್ರ: ಕಣ್ಣು ಬಂದರೆ ಹಣೆಯ ನಾಮ ಹೋಯಿತು. ಇಲ್ಲಿಗೆ 50 ಎಂಎಂ ಎಫ್ 1.8. ಅದು 45 ಸೆಂಟಿಮೀಟರಿಗೂ ಒಪ್ಪುತ್ತದೆ, 185 ಗ್ರಾಂ, ಅಂಗಿಯ ಜೇಬಿಗೆ ಸೇರುತ್ತದೆ. ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸ್ಸನ್ ತಮ್ಮ ಕೆಲಸದ ಬಹುಪಾಲನ್ನು 50ರಲ್ಲೇ ಮಾಡಿದ್ದು ಯಾಕೆಂದು ಚೌಕಿಯಲ್ಲಿ ಕೂತರೆ ತಿಳಿಯುತ್ತದೆ: ಜನರ ನಡುವೆ ಇದ್ದುಕೊಂಡೇ ತೆಗೆಯುವ ಲೆನ್ಸ್ ಅದು. ಆದರೆ ರಂಗಸ್ಥಳದ ಎದುರು ಅದರಲ್ಲಿ ವೇಷಕ್ಕಿಂತ ಮೈಕಿನ ತಂತಿ, ಕಂಬ, ದೇಣಿಗೆ ಕೊಟ್ಟವರ ಬ್ಯಾನರೇ ಹೆಚ್ಚು ಬರುತ್ತದೆ.

ಮಳೆಗಾಲದಲ್ಲಿ ಮೇಳಗಳು ಬೆಂಗಳೂರಿಗೆ ಬಂದಾಗ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಾಲಿನಿಂದ ತೆಗೆಯುವುದೇ ನಿಮ್ಮ ಕೆಲಸವಾದರೆ ಝೂಮೇ ಕೊಳ್ಳಿ. ಅಲ್ಲಿ 85ಕ್ಕೆ ಕಲಾವಿದರು ಬೆರಳುದ್ದ ಕಾಣುತ್ತಾರೆ. ನನಗೆ ಅಂಥ ರಾತ್ರಿ ವರ್ಷಕ್ಕೆ ಎರಡು, ಗದ್ದೆಯಾಟ ಮೂವತ್ತಕ್ಕೆ ಕಡಿಮೆಯಿಲ್ಲ. 85ಕ್ಕೆ 19,000, 50ಕ್ಕೆ 8,000 ಕೊಟ್ಟೆ. ಝೂಮ್ ಮಾರಿದ ದುಡ್ಡಿನಲ್ಲಿ ಎರಡೂ ಬಂದು, ಇನ್ನೂ 26,000 ಉಳಿಯಿತು.

85ರಲ್ಲೇ ಎಫ್ 1.4 ತಗೊಳ್ಳಬಾರದೇ ಎಂದು ಮೊನ್ನೆ ಒಬ್ಬರು ಕೇಳಿದರು. ನಾಲ್ಕು ಮೀಟರಿನಲ್ಲಿ 1.8 ನನಗೆ 24 ಸೆಂಟಿಮೀಟರ್ ಆಳ ಕೊಡುತ್ತದೆ. ಮುಖವೂ ಎದೆಕಟ್ಟೂ ಒಟ್ಟಿಗೆ ಉಳಿಯುತ್ತವೆ. 1.4ಕ್ಕೆ ಹೋದರೆ ಅದು 19ಕ್ಕೆ ಇಳಿಯುತ್ತದೆ, ಜೊತೆಗೆ ತೂಕವೂ ಬೆಲೆಯೂ ಏರುತ್ತವೆ. ಬೇಡ ಎಂದೆ.