ಹೆಚ್ಚಿಟ್ಟ ಬೀನ್ಸ್ ಪೊಟ್ಟಣ: ಪಲ್ಯಕ್ಕೆ ಬೇಡ, ಪುಲಾವಿಗೆ ಆದೀತು

ಬೆಂಗಳೂರಿನಲ್ಲಿ ಮನೆಬಾಗಿಲಿಗೆ ತರಕಾರಿ ತಲುಪಿಸುವ ಸೇವೆಯೊಂದರಿಂದ ಹೆಚ್ಚಿದ ಬೀನ್ಸ್‌ನ 250 ಗ್ರಾಂ ಪೊಟ್ಟಣಗಳನ್ನು ಕೆಲಕಾಲದಿಂದ ತರಿಸುತ್ತಿದ್ದೇನೆ. ಪಲ್ಯಕ್ಕೆಂದು ಸಣ್ಣಗೆ ಹೆಚ್ಚಿದ್ದು ಒಂದು, ಪುಲಾವು, ಸಾಗುಗಳಿಗೆಂದು ಉದ್ದುದ್ದಕ್ಕೆ ಹೆಚ್ಚಿದ್ದು ಇನ್ನೊಂದು. ಬೆಳಗಿನ ಅವಸರದಲ್ಲಿ ಈಳಿಗೆಮಣೆಯ ಕೆಲಸ ತಪ್ಪುವುದು ನಿಜ; ಹೆಚ್ಚಿದ ಅಳತೆಯೂ ಅಚ್ಚುಕಟ್ಟಾಗಿದೆ.

ತೊಡಕಿರುವುದು ಸಣ್ಣಗೆ ಹೆಚ್ಚಿದ್ದರಲ್ಲಿ. ಇಡೀ ಕಾಯಿಯಾದರೆ ಮುರಿದು ನೋಡಬಹುದು: ಎಳೆಯದು ಲಟ್ಟನೆ ಮುರಿಯುತ್ತದೆ, ಬಾಡಿದ್ದು ಬಾಗುತ್ತದೆ, ಬಲಿತದ್ದರಲ್ಲಿ ಒಳಗಿನ ಕಾಳು ಉಬ್ಬಿ ಕಾಣುತ್ತದೆ. ಚೂರಾದ ಮೇಲೆ ಈ ಯಾವ ಪರೀಕ್ಷೆಯೂ ನಡೆಯದು. ತೊಟ್ಟು ಮುರಿದು ಎಳೆದರೆ ಕಾಯಿಯ ಉದ್ದಕ್ಕೂ ಒಂದೇ ಎಳೆಯಾಗಿ ಬರುವ ನಾರು, ತೆಗೆಯದೆ ಹೆಚ್ಚಿದಾಗ ಪ್ರತಿ ಚೂರಿಗೂ ಅಂಟಿಕೊಂಡು ಉಳಿದು, ಎಷ್ಟು ಬೇಯಿಸಿದರೂ ಮೆತ್ತಗಾಗದೆ ಹಲ್ಲಿನ ಸಂದಿಗೆ ಸೇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುವಿಧಾದಂತಹ ನಾರಿಲ್ಲದ ತಳಿಯಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ; ಆದರೆ ಪೊಟ್ಟಣದ ಮೇಲೆ ತಳಿಯ ಹೆಸರಿಲ್ಲ, ಹೆಚ್ಚಿದ ದಿನಾಂಕವಷ್ಟೇ ಇದೆ.

ಆ ದಿನಾಂಕವನ್ನಾದರೂ ನೋಡಿ ಕೊಳ್ಳಬೇಕು. ಹೆಚ್ಚಿದ ಅಂಚು ಗಾಳಿ ತಾಗಿ ಕಂದುತ್ತದೆ. ಒಳಗೆ ನೀರಿನ ಹನಿ ಕಟ್ಟಿದ್ದರಂತೂ ಬೇಗನೆ ಲೋಳೆಯಾಗುತ್ತದೆ. ಹೆಚ್ಚಿದ ಮೇಲೆ ಮತ್ತೆ ತೊಳೆಯುವುದರಿಂದ ನೀರಿನಲ್ಲಿ ಕರಗುವ ಸಿ ಜೀವಸತ್ವವೂ ಒಂದಿಷ್ಟು ಹೋಗುತ್ತದೆ. ಸಾಸಿವೆ, ಉದ್ದಿನಬೇಳೆ, ಇಂಗಿನ ಒಗ್ಗರಣೆಗೆ ಕಾಯಿತುರಿ ಸೇರಿಸಿದ ಸಾದಾ ಪಲ್ಯದಲ್ಲಿ ತರಕಾರಿಯ ದೋಷವನ್ನು ಮರೆಮಾಚುವಂಥದ್ದು ಏನೂ ಇಲ್ಲವಾದ್ದರಿಂದ, ಹಳೆಯ ಚೂರು ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಹುಳಿಗೆ ಬಳಸುವವರು ಬೀನ್ಸ್ ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಹಾಕುವುದು ಲೇಸು; ಮೊದಲೇ ಹಾಕಿದರೆ ಬಲಿತ ಚೂರು ಬೇಯಲು ಹಟ ಹಿಡಿಯುತ್ತದೆ, ಹಸಿರು ಬಣ್ಣವೂ ಮಾಸುತ್ತದೆ.

ಉದ್ದಕ್ಕೆ ಹೆಚ್ಚಿದ ಪೊಟ್ಟಣ ಇದಕ್ಕಿಂತ ಎಷ್ಟೋ ವಾಸಿ. ನಾರು ಕಣ್ಣಿಗೆ ಬೀಳುವುದರಿಂದ ಎಳೆದು ತೆಗೆಯಬಹುದು, ಬಲಿತದ್ದನ್ನು ಬದಿಗಿಡಬಹುದು, ಉಳಿದದ್ದನ್ನು ಪುಲಾವಿನ ಮಸಾಲೆ ನೋಡಿಕೊಳ್ಳುತ್ತದೆ.

ಬೆಲೆ ಇಡೀ ಕಾಯಿಗಿಂತ ಗಣನೀಯವಾಗಿ ಹೆಚ್ಚು. ಬಾಳೆಹೂವನ್ನೋ ಬಾಳೆದಿಂಡನ್ನೋ ಬಿಡಿಸಿ ಹೆಚ್ಚಿಕೊಟ್ಟರೆ ಹೆಚ್ಚುವರಿ ಹಣ ಕೊಡಲು ನನ್ನ ತಕರಾರಿಲ್ಲ, ಅಲ್ಲಿ ಕೈ ಕಪ್ಪಾಗುವುದು ತಪ್ಪುತ್ತದೆ. ಎರಡು ತುದಿ ಮುರಿದರೆ ಮುಗಿಯುವ ಬೀನ್ಸ್‌ಗೆ ಅಷ್ಟು ತೆರುವುದು ದುಬಾರಿಯೇ. ಆದ್ದರಿಂದ ಪಲ್ಯ ಮಾಡುವ ದಿನ ಹಾಪ್‌ಕಾಮ್ಸ್ ಮಳಿಗೆಯಿಂದಲೋ ತಳ್ಳುಗಾಡಿಯಿಂದಲೋ ಇಡೀ ಕಾಯಿಯನ್ನೇ ಆರಿಸಿ ತರುತ್ತೇನೆ. ಉದ್ದಕ್ಕೆ ಹೆಚ್ಚಿದ ಪೊಟ್ಟಣವನ್ನು ಅದೇ ದಿನ ಬಳಸುವುದಿದ್ದರೆ ಮಾತ್ರ ತರಿಸುತ್ತೇನೆ.